ಮಿಸ್ಟರ್ ಲಯನೆಲ್ಲರ ಒಂದೇ ಸ್ಪೂಲು

ಹೋದ ತಿಂಗಳು ಕಣ್ಣಿನ ಡಾಕ್ಟರನ್ನು ನೋಡಲು ಜಯನಗರಕ್ಕೆ ಹೋಗಿದ್ದೆ. ಡ್ರಾಪ್ಸ್ ಹಾಕಿ, "ಒಂದು ಗಂಟೆ ಏನೂ ಓದ್ಬೇಡಿ ಮೇಡಂ, ಸುಮ್ನೆ ಕೂತಿರಿ" ಎಂದರು. ಓದದೆ ಸುಮ್ಮನೆ ಕೂರುವುದು ನನ್ನ ಪಾಲಿಗೆ ಶಿಕ್ಷೆ. ಎದ್ದು, ಮಸುಕು ಮಸುಕಾಗಿ ಕಾಣುವ ಫುಟ್‌ಪಾತಿನ ಮೇಲೆ ಕಾಲು ತಡವರಿಸಿಕೊಂಡು, ನಮ್ಮ ಹಳೆಯ ರಸ್ತೆಯ ಕಡೆ ನಡೆದೆ. ನಮ್ಮ ಮನೆಯಿದ್ದ ಜಾಗದಲ್ಲಿ ಈಗ ನಾಲ್ಕು ಅಂತಸ್ತಿನ ಕಟ್ಟಡ, ಕೆಳಗೆ ಒಂದು ಕಾಫಿ ಅಂಗಡಿ. ಒಳಗೆ ಯಾರೋ ಗಿಟಾರ್ ಶ್ರುತಿ ಮಾಡುತ್ತಿದ್ದರು. ತಂತಿ ಬಿಗಿಯುವ ಸದ್ದು ಬೇರೆ, ಸಡಿಲಿಸುವ ಸದ್ದು ಬೇರೆ. ಬಿಗಿಯುವಾಗ ಸ್ವರ ಹಠ ಹಿಡಿದ ಮಗುವಿನ ಹಾಗೆ ಕಿರುಗುಟ್ಟಿ ಮೇಲೇರುತ್ತದೆ. ಸಡಿಲಿಸುವಾಗ ಅದು ನಿಧಾನವಾಗಿ ಕೆಳಗೆ ಕೂರುತ್ತದೆ, ದಣಿದವರು ಕಟ್ಟೆಯ ಮೇಲೆ ಕೂತ ಹಾಗೆ. ನಾನು ಕೇಳಿದ್ದು ಆ ಎರಡನೆಯದನ್ನು. ಅಲ್ಲೇ ಕಾಂಪೌಂಡಿಗೆ ಕೈಯೂರಿ ನಿಂತುಬಿಟ್ಟೆ. ಕಣ್ಣಲ್ಲಿ ನೀರು ಬಂತು. ಡ್ರಾಪ್ಸ್ ಹಾಕಿದ್ದರಲ್ಲ, ಹೋಗಿ ಬರುವವರಿಗೆ ಕಾರಣ ಹೇಳುವ ಗೋಜು ಇರಲಿಲ್ಲ.

ಅರವತ್ತರ ದಶಕ ಆಗತಾನೇ ಶುರುವಾಗಿತ್ತು. ಜಯನಗರವೆಂದರೆ ಕಲ್ಲು ನೆಟ್ಟು ಗುರುತು ಮಾಡಿದ ಬಯಲು. ಒಂದು ಮನೆ, ನಾಲ್ಕು ಖಾಲಿ ಸೈಟು, ಮತ್ತೊಂದು ಮನೆ. ಖಾಲಿ ಸೈಟುಗಳಲ್ಲಿ ಭೈರಸಂದ್ರದ ರೈತರು ಇನ್ನೂ ರಾಗಿ ಬೆಳೆಯುತ್ತಿದ್ದರು. ಸೈಟು ಯಾರಿಗೆ ಅಲಾಟ್ ಆಗಿದೆಯೆಂಬುದು ರಾಗಿಗೆ ಗೊತ್ತಿರಲಿಲ್ಲವಷ್ಟೆ. ಸೌತ್ ಎಂಡ್‌ನಲ್ಲಿ ಬಸ್ಸಿಳಿದು ನಡೆದು ಬರಬೇಕು. ಮಳೆಗಾಲದಲ್ಲಿ ಚಪ್ಪಲಿ ಕೈಯಲ್ಲಿ, ಕಾಲು ಕೆಂಪು ಕೆಸರಿನಲ್ಲಿ. ನಾನು ಕಾನ್ವೆಂಟು ಮುಗಿಸಿ, ಅದೇ ಸಿಸ್ಟರ್‌ಗಳು ನಡೆಸುತ್ತಿದ್ದ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೆ. ಕೆಸರಿನ ಕಾಲಿನಲ್ಲಿ ಬಂದು ಇಂಗ್ಲಿಷ್ ಪೊಯೆಟ್ರಿ ಓದುವ ಹುಡುಗಿ. ತಲೆ ತುಂಬ ಜಂಭ. ಈಗ ಒಪ್ಪಿಕೊಳ್ಳಲು ಸಂಕೋಚವಿಲ್ಲ.

ಪಕ್ಕದ ಪುಟ್ಟ ಹೆಂಚಿನ ಮನೆಗೆ ಆ ವರ್ಷ ಜೂನ್‌ನಲ್ಲಿ ಬಾಡಿಗೆಗೆ ಬಂದವರು ಮಿಸ್ಟರ್ ಲಯನೆಲ್. ಆಂಗ್ಲೋ ಇಂಡಿಯನ್, ಐವತ್ತರ ಹತ್ತಿರದ ಸಣಕಲು ಮನುಷ್ಯ, ಪಿಯಾನೋ ಟ್ಯೂನರ್. ಸೈಕಲ್ಲಿಗೆ ಚರ್ಮದ ಚೀಲ ಕಟ್ಟಿಕೊಂಡು ಊರಿನ ಚರ್ಚು, ಶಾಲೆ, ಕ್ಲಬ್ಬುಗಳ ಪಿಯಾನೋಗಳಿಗೆ ಶ್ರುತಿ ಮಾಡಿ ಬರುತ್ತಿದ್ದರು. ನಮ್ಮ ಕಾನ್ವೆಂಟಿನ ಪಿಯಾನೋ ಕೂಡ ಅವರದೇ ಜವಾಬ್ದಾರಿ, ಹಾಗಾಗಿ ನನಗೆ ಮುಖ ಪರಿಚಯವಿತ್ತು. ಕಂಟೋನ್ಮೆಂಟ್ ಬಿಟ್ಟು ಈ ಬಯಲಿಗೆ ಯಾಕೆ ಬಂದಿರಿ ಎಂದು ಕೇಳಿದ್ದಕ್ಕೆ, "ಅಲ್ಲಿ ಎಲ್ರಿಗೂ ನನ್ ಹೆಂಡ್ತಿ ಗೊತ್ತಿತ್ತಮ್ಮ. ದಿನಾ ಅವಳ ಬಗ್ಗೆ ಕೇಳ್ತಾರೆ" ಎಂದಿದ್ದರು. ಆಕೆ ತೀರಿಕೊಂಡು ಆರು ತಿಂಗಳಾಗಿತ್ತು.

ಸಂಜೆ ಐದಕ್ಕೆ ಅವರು ಹಿಂದಿನ ಜಗಲಿಯಲ್ಲಿ ಗಿಟಾರ್ ಹಿಡಿದು ಕೂರುತ್ತಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಸ್ಸಾಮಿನ ಒಂದು ಮಿಲಿಟರಿ ವರ್ಕ್‌ಶಾಪಿನಲ್ಲಿ ಅವರು ಕೆಲಸಕ್ಕಿದ್ದಾಗ, ಲಾರಿ ಓಡಿಸುತ್ತಿದ್ದ ಅಮೆರಿಕದ ಒಬ್ಬ ಕಪ್ಪು ಸೈನಿಕ ಒಂದು ಮಳೆಗಾಲವಿಡೀ ತನ್ನೂರಿನ ಹಾಡುಗಳನ್ನು ಕಲಿಸಿದ್ದನಂತೆ. ಅಲ್ಲಿನ ಕಪ್ಪು ಜನ ತಮ್ಮ ದುಃಖ ತೋಡಿಕೊಳ್ಳುವ ಆ ಹಾಡುಗಳಿಗೆ ಬ್ಲೂಸ್ ಎಂದು ಹೆಸರು. ಆ ಪದವನ್ನು ನಾನು ಮೊದಲು ಕೇಳಿದ್ದು ಅವರ ಬಾಯಲ್ಲಿ. ಕಾನ್ವೆಂಟಿನ ಪಿಯಾನೋದಲ್ಲಿ ನನಗೆ ಕಲಿಸಿದ ಸಂಗೀತ ಇಸ್ತ್ರಿ ಮಾಡಿದ ಯೂನಿಫಾರ್ಮಿನ ಹಾಗಿರುತ್ತಿತ್ತು. ಇದು ಹಾಗಲ್ಲ, ದುಡಿದು ಬೆವೆತ ಅಂಗಿ. ಒಂದು ಸಾಲು ಹಾಡುವರು, ಅದನ್ನೇ ಇನ್ನೊಮ್ಮೆ ಹಾಡುವರು, ಮೂರನೆಯದರಲ್ಲಿ ಉತ್ತರ ಕೊಡುವರು. ನಡುವೆ ಗಿಟಾರ್ ಮಾತಾಡುವುದು.

ನಮ್ಮ ಅಡಿಗೆಮನೆಯ ಕಿಟಕಿ ಆ ಜಗಲಿಗೆ ಎದುರಾಗಿತ್ತು. ಕಿಟಕಿಯ ಕೆಳಗೆ ಪುಟ್ಟತ್ತೆ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುವರು. ಪುಟ್ಟತ್ತೆ ಅಪ್ಪನ ತಂಗಿ. ಹದಿನೆಂಟಕ್ಕೇ ಗಂಡನನ್ನು ಕಳೆದುಕೊಂಡು, ನಾನು ಹುಟ್ಟುವ ಮೊದಲೇ ನಮ್ಮ ಮನೆಗೆ ಬಂದವರು. ಆಗ ಅವರಿಗೆ ನಲವತ್ತರ ಆಸುಪಾಸು. ಬೋಳು ಹಣೆ, ಬಣ್ಣ ಮಾಸಿದ ನೂಲಿನ ಸೀರೆ. ಮದುವೆಗೆ ಮುಂಚೆ ಏಳೆಂಟು ವರ್ಷ ಸಂಗೀತ ಕಲಿತಿದ್ದರಂತೆ. ಅವರ ಜೊತೆ ಬಂದ ಶ್ರುತಿಪೆಟ್ಟಿಗೆ ಹಳೆ ಸೀರೆಯೊಂದರಲ್ಲಿ ಗಂಟು ಕಟ್ಟಿಸಿಕೊಂಡು ಅಟ್ಟದ ಮೇಲಿತ್ತು. ಅದನ್ನು ಇಳಿಸಿದ್ದನ್ನು ನಾನು ಕಂಡಿರಲಿಲ್ಲ.

ಒಂದು ಸಂಜೆ ಅತ್ತೆ ಅಕ್ಕಿ ಕೇರುತ್ತಿದ್ದ ಮೊರ ನಿಲ್ಲಿಸಿ ಹೇಳಿದರು: "ಸರೂ, ಆ ಗಾಂಧಾರ ನೋಡೇ. ಈ ಮನೇಲೂ ನಿಲ್ಲಲ್ಲ, ಆ ಮನೇಲೂ ನಿಲ್ಲಲ್ಲ. ಮಧ್ಯದಲ್ಲಿ ನಿಂತ್ಕೊಂಡು ಅಳತ್ತೆ."

"ಅದು ಗಾಂಧಾರ ಅಲ್ಲ ಅತ್ತೆ, ಬ್ಲೂ ನೋಟ್ ಅಂತಾರೆ. ಇಂಗ್ಲಿಷ್ ಮ್ಯೂಸಿಕ್ಕು, ನಿಮಗೆ ಗೊತ್ತಾಗಲ್ಲ."

"ಇರ್ಬೋದು ಮಗು," ಎಂದು ಅತ್ತೆ ಮತ್ತೆ ಮೊರ ಎತ್ತಿಕೊಂಡರು. ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ, ಆದ್ದರಿಂದ ಈ ಸಂಗೀತವೂ ಬರುವುದಿಲ್ಲ. ಇದು ನನ್ನ ಲಾಜಿಕ್. ಲಾಜಿಕ್ ಪೇಪರಿನಲ್ಲಿ ನನಗೆ ಫಸ್ಟ್ ಕ್ಲಾಸು ಬಂದಿತ್ತು, ದೇವರೇ ಗತಿ!

ಆ ವರ್ಷದ ಮಳೆ ದಸರಾ ಮುಗಿದರೂ ನಿಲ್ಲಲಿಲ್ಲ. ಜಿಟಿಜಿಟಿ ಹನಿಯುವ ಒಂದು ಸಂಜೆ ಮಿಸ್ಟರ್ ಲಯನೆಲ್ ನುಡಿಸುತ್ತ ನುಡಿಸುತ್ತ ನಿಲ್ಲಿಸಿ, ಎಡಗೈಯನ್ನು ಬೆಳಕಿಗೆ ಹಿಡಿದು ನೋಡಿಕೊಂಡರು. ಬೇಲಿಯ ಹತ್ತಿರ ನಿಂತಿದ್ದ ನನಗೂ ತೋರಿಸಿದರು. ಅಂಗೈಯ ಚರ್ಮದ ಕೆಳಗೆ ಉಂಗುರದ ಬೆರಳಿನ ಬುಡದಿಂದ ಒಂದು ಹುರಿ ಗಂಟುಕಟ್ಟಿಕೊಂಡು, ಎರಡು ಬೆರಳನ್ನು ಒಳಕ್ಕೆ ಎಳೆಯುತ್ತಿತ್ತು. ಪಿಯಾನೋ ಶ್ರುತಿ ಮಾಡುವವರು ಎಡಗೈಯನ್ನು ಪೂರಾ ಚಾಚಿ ಒಂದು ಆಕ್ಟೇವಿನಷ್ಟು, ಷಡ್ಜದಿಂದ ತಾರ ಷಡ್ಜದಷ್ಟು, ಅಗಲ ಒತ್ತಬೇಕು. ಅದು ಅವರ ಕೈಲಿ ಆಗುತ್ತಿರಲಿಲ್ಲ. ಆಪರೇಷನ್ ಮಾಡಿದರೆ ಬೆರಳು ನೆಟ್ಟಗಾಗುತ್ತದೆ, ಆದರೆ ಮತ್ತೆ ಮಡಿಚುವ ಗ್ಯಾರಂಟಿ ಇಲ್ಲ ಎಂದು ಡಾಕ್ಟರು ಹೇಳಿದ್ದರು. ಎಂದರೆ ಪಿಯಾನೋ ಉಳಿಯುತ್ತದೆ, ಗಿಟಾರ್ ಹೋಗುತ್ತದೆ. ಪಿಯಾನೋ ಅವರ ಹೊಟ್ಟೆಪಾಡು. ಆಪರೇಷನ್ ಮುಂದಿನ ಬುಧವಾರಕ್ಕೆ ನಿಗದಿಯಾಗಿತ್ತು.

"ನನಗೆ ಕಲಿಸಿದವನು ಬದುಕಿದ್ದಾನೋ ಇಲ್ಲವೋ ಗೊತ್ತಿಲ್ಲ ಸರೋಜ," ಎಂದರು ಇಂಗ್ಲಿಷಿನಲ್ಲಿ. "ಅವನ ಹಾಡುಗಳನ್ನು ಯಾರೂ ಬರೆದಿಟ್ಟಿಲ್ಲ. ನನ್ನ ಈ ಕೈಯಲ್ಲಿ ಮಾತ್ರ ಇವೆ. ಬುಧವಾರದ ಮೇಲೆ ಇಲ್ಲೂ ಇರುವುದಿಲ್ಲ."

ನಾನು ಓಡಿಹೋಗಿ ಅಪ್ಪನಿಗೆ ಹೇಳಿದೆ. ಅಪ್ಪ ಇಂಜಿನಿಯರು. ಅವರ ಆಫೀಸಿನ ಒಬ್ಬರು ಜರ್ಮನಿಗೆ ಟ್ರೇನಿಂಗಿಗೆ ಹೋಗಿ ಬರುವಾಗ ಸ್ಪೂಲ್ ಟೇಪ್ ರೆಕಾರ್ಡರ್ ತಂದಿದ್ದರು. ಅಪ್ಪ ಯಾರ ಹತ್ತಿರವೂ ಏನೂ ಕೇಳುವವರಲ್ಲ, ಪಕ್ಕದ ಮನೆಯಿಂದ ಏಣಿ ತರಲೂ ಸಂಕೋಚ. ಅಂಥವರು ಹೋಗಿ ಕೇಳಿದರು. ಭಾನುವಾರ ಒಂದು ದಿನದ ಮಟ್ಟಿಗೆ ಸಿಕ್ಕಿತು. ಸೋಮವಾರ ಬೆಳಗ್ಗೆ ವಾಪಸ್ಸು. ಸ್ಪೂಲು ಒಂದೇ, ಅದನ್ನು ಮಾತ್ರ ನಾವು ಇಟ್ಟುಕೊಳ್ಳಬಹುದು. ಟ್ಯಾಕ್ಸಿಯಲ್ಲಿ ತಂದು, ಮಗುವನ್ನು ಇಳಿಸುವ ಹಾಗೆ ಹಾಲ್‌ನಲ್ಲಿ ಇಳಿಸಿದರು. ಗುಂಡಿ ಒತ್ತುವುದನ್ನು ನನಗೆ ಕಲಿಸಿ, "ಸಂಜೆ ಆರಕ್ಕೆ ಮುಂಚೆ ಮುಗಿಸ್ಬೇಕು ಸರೂ. ಬೀದಿ ದೀಪ ಹತ್ತಿದ್ರೆ ವೋಲ್ಟೇಜ್ ಬೀಳತ್ತೆ, ಮೋಟರ್ ನಿಧಾನ ಆಗತ್ತೆ" ಎಂದರು.

ಭಾನುವಾರ ಬೆಳಗ್ಗೆ ಮಿಸ್ಟರ್ ಲಯನೆಲ್ ನಮ್ಮ ಹಾಲ್‌ನಲ್ಲಿ ಒಬ್ಬರೇ ಕೂತು ಎರಡು ಹಾಡು ನುಡಿಸಿದರು. ನಾನು ಉಸಿರು ಬಿಗಿಹಿಡಿದು ಯಂತ್ರದ ಮುಂದೆ. ತಿರುಗಿ ಹಾಕಿ ಕೇಳಿದೆವು. ಸ್ವರವೆಲ್ಲ ಸರಿಯಾಗಿತ್ತು. ಜೀವವಿರಲಿಲ್ಲ. ಅವರು ಗಿಟಾರ್ ಕೆಳಗಿಟ್ಟರು.

"ಸಮ್‌ಬಡಿ ಹ್ಯಾಸ್ ಟು ಆನ್ಸರ್," ಎಂದರು. "ಈ ಹಾಡು ಒಬ್ಬನೇ ಹಾಡಕ್ಕಾಗಲ್ಲಮ್ಮ. ಎದುರಿಗೆ ಜನ ಬೇಕು. ಒಬ್ರು ಹ್ಞೂಂ ಅನ್ಬೇಕು, ಒಬ್ರು ತಲೆ ಆಡಿಸ್ಬೇಕು. ಗೋಡೆ ಹ್ಞೂಂ ಅನ್ನಲ್ಲ."

ಅವರ ಕಂಟೋನ್ಮೆಂಟಿನ ಸ್ನೇಹಿತರಿಗೆ ತಿಳಿಸೋಣವೆಂದರೆ ಆ ದಿನ ಯಾರದೋ ಮದುವೆ, ಎಲ್ಲರೂ ವೈಟ್‌ಫೀಲ್ಡಿಗೆ ಹೋಗಿದ್ದರು. ಉಳಿದದ್ದು ನಮ್ಮ ಬಯಲಿನ ಜನ. ನಾನು ಅಮ್ಮನ ಹತ್ತಿರ ಹೋಗಿ ಗೋಳಾಡಿದೆ. ಅಮ್ಮ ಬದನೆಕಾಯಿ ಹೆಚ್ಚುತ್ತಿದ್ದವರು ತಲೆಯೆತ್ತದೆ, "ಸುಮ್ನೆ ಬನ್ನಿ ಅಂದ್ರೆ ಯಾರು ಬರ್ತಾರೆ, ಅದೂ ಈ ಮಳೇಲಿ? ಕುಂಕುಮ ಇಟ್ಟು ಕರಿ. ಕುಂಕುಮ ಇಟ್ಟು ಕರೆದ್ಮೇಲೆ ಬರದೇ ಇರೋಕಾಗಲ್ಲ" ಎಂದರು.

ಎಂಥ ಬ್ರಿಲಿಯಂಟ್ ಐಡಿಯಾ ಅನ್ನಿಸಿತು ನನಗೆ. ಬೆಳ್ಳಿಯ ಕುಂಕುಮದ ಭರಣಿ ಹಿಡಿದು, ಕೊಡೆ ಬಿಚ್ಚಿ, ಸೈಟು ಹಾಯ್ದು ಮನೆಮನೆಗೆ ಹೋದೆ. ಬಾಗಿಲಲ್ಲಿ ನಿಂತ ಹೆಂಗಸರ ಹಣೆಗೆ ಕುಂಕುಮವಿಟ್ಟು, "ಸಂಜೆ ನಾಲ್ಕಕ್ಕೆ ನಮ್ಮನೆಗೆ ಬರ್ಬೇಕು, ಸಂಗೀತ ಇದೆ" ಎಂದೆ. ಯಾರೂ ಏನು ಸಂಗೀತ ಎಂದು ಕೇಳಲಿಲ್ಲ. ಎದುರು ಸಾಲಿನ ರಾಜಮ್ಮನವರು ಮಾತ್ರ, "ಏನೇ ಸರೋಜ, ನಿನ್ನನ್ನ ನೋಡೋಕೆ ಗಂಡಿನ ಕಡೆಯೋರು ಬರ್ತಿದಾರಾ? ನಿಜ ಹೇಳು!" ಎಂದು ಕೆನ್ನೆ ಹಿಂಡಿದರು.

ಮನೆಗೆ ಬಂದಾಗ ಪುಟ್ಟತ್ತೆ ಹಾಲ್ ಗುಡಿಸಿ, ಜಮಖಾನ ಹಾಸಿ, ಕೋಸಂಬರಿಗೆ ಹೆಸರುಬೇಳೆ ನೆನೆಹಾಕಿದ್ದರು. ಜಮಖಾನದ ಸುಕ್ಕನ್ನು ಅಂಗೈಯಲ್ಲಿ ತೀಡುತ್ತ, "ಎಷ್ಟು ಜನ ಆಗ್ತಾರೆ?" ಎಂದು ಕೇಳಿದರು. ಹನ್ನೊಂದು ಮನೆಗೆ ಹೇಳಿದೆ ಎಂದೆ. "ಒಳ್ಳೇದಾಯ್ತು," ಎಂದರು. ಭರಣಿ ನನ್ನ ಕೈಯಲ್ಲೇ ಇತ್ತು. ನನಗೆ ಏನೂ ಹೊಳೆಯಲಿಲ್ಲ.

ನಾಲ್ಕಕ್ಕೆಂದು ಕರೆದಿದ್ದರೂ ಹಾಲ್ ತುಂಬುವಷ್ಟರಲ್ಲಿ ಐದಾಗುತ್ತ ಬಂದಿತ್ತು. ಮಳೆ ಸ್ವಲ್ಪ ಹೊತ್ತು ಬಿಟ್ಟಿತ್ತು. ರೇಷ್ಮೆ ಸೀರೆ, ಮುಡಿ ತುಂಬ ಹೂವು, ಇಬ್ಬರ ಕೈಯಲ್ಲಿ ತೆಂಗಿನಕಾಯಿ ಬೇರೆ. ಮೈಕನ್ನು ಒಂದು ಸ್ಟೂಲಿನ ಮೇಲಿಟ್ಟು ನಾನು ಯಂತ್ರದ ಪಕ್ಕ ಕೂತೆ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಟೈ ಧರಿಸಿ ಮಿಸ್ಟರ್ ಲಯನೆಲ್ ಬಂದರು. ಅಷ್ಟು ಜನ ಹೆಂಗಸರನ್ನು ನೋಡಿ ಬಾಗಿಲಲ್ಲೇ ಒಂದು ಗಳಿಗೆ ನಿಂತು, ಬೂಟು ಬಿಚ್ಚಿ ಒಳಗೆ ಕಾಲಿಟ್ಟರು.

"ಇದೇನೇ, ವೀಣೆನಾ ಮಗು ಎತ್ಕೊಂಡ ಹಾಗೆ ಎತ್ಕೊಂಡಿದಾರೆ?" ಎಂದರು ರಾಜಮ್ಮ.

"ಶ್, ಮೆಷಿನ್‌ನಲ್ಲಿ ಬಂದ್ಬಿಡತ್ತೆ ನೀವು ಹೇಳಿದ್ದು!" ಎಂದೆ. ಬಂದಿದೆ. ಅದೂ, ನನ್ನ ಶ್ ಕೂಡ.

ಮೊದಲ ಹಾಡು ಮುಗಿಯಿತು. ಯಾರೂ ಅಲುಗಲಿಲ್ಲ. ಎರಡನೆಯದೂ ಮುಗಿಯಿತು. ಎಲ್ಲರೂ ಪರೀಕ್ಷೆಗೆ ಕೂತವರ ಹಾಗೆ ಗಂಭೀರವಾಗಿ, ಮಡಿಲಲ್ಲಿ ಕೈಯಿಟ್ಟುಕೊಂಡು ಕೂತಿದ್ದರು. ಮರ್ಯಾದಸ್ಥರು, ಎದ್ದು ಹೋಗುವುದಿಲ್ಲ. ಆದರೆ ಒಂದು ಹ್ಞೂಂ ಇಲ್ಲ, ಒಂದು ತಲೆ ಆಡಲಿಲ್ಲ. ಬೆಳಗ್ಗೆ ಒಂದು ಗೋಡೆ ಇತ್ತು, ಈಗ ರೇಷ್ಮೆ ಉಟ್ಟ ಹನ್ನೊಂದು ಗೋಡೆ. ಮಿಸ್ಟರ್ ಲಯನೆಲ್ಲರ ಹಣೆಯಲ್ಲಿ ಬೆವರು. ಎಡಗೈಯನ್ನು ಪ್ಯಾಂಟಿಗೆ ಉಜ್ಜಿಕೊಂಡರು, ಬೆರಳು ಸೋತಿದ್ದವು. ಸ್ಪೂಲು ಕಾಲುಭಾಗ ಮುಗಿದಿತ್ತು. ಅವರು ನನ್ನ ಕಡೆ ನೋಡಿದ ನೋಟ ಇನ್ನೂ ಮರೆತಿಲ್ಲ. ಸಾಕು, ಯಂತ್ರ ನಿಲ್ಲಿಸು ಎಂಬ ನೋಟ.

ಆಗ ನನಗೆ ಅತ್ತೆಯ ನೆನಪಾಯಿತು. ನಾಲ್ಕು ತಿಂಗಳಿಂದ ಕಿಟಕಿಯ ಕೆಳಗೆ ಕೂತು ಈ ಹಾಡುಗಳಿಗೆ ತಲೆಯಾಡಿಸಿದ ಒಂದೇ ಜೀವ. ಎಲ್ಲಿ ಅತ್ತೆ? ಹಾಲ್‌ನಲ್ಲಿಲ್ಲ. ಇರುವುದು ಹೇಗೆ ಸಾಧ್ಯ? ನಾನು ಕರೆದದ್ದು ಕುಂಕುಮಕ್ಕೆ. ಕುಂಕುಮಕ್ಕೆ ಕರೆದ ಕಡೆ ಅತ್ತೆ ಬರುವ ಹಾಗಿರಲಿಲ್ಲ. ಹನ್ನೊಂದು ಮನೆಯ ಬಾಗಿಲು ತಟ್ಟಿ, ನನ್ನ ಮನೆಯ ಒಳಗಿನ ಬಾಗಿಲನ್ನು ನಾನೇ ಹಾಕಿ ಬಂದಿದ್ದೆ. ಮುಖ ಕಾದ ಹಂಚಿನ ಹಾಗೆ ಬಿಸಿಯಾಯಿತು. ಏಳಲು ಹೋದೆ, ಯಂತ್ರ ಓಡುತ್ತಿತ್ತು.

ಅಷ್ಟರಲ್ಲಿ ಒಳಗಿನ ಕೋಣೆಯಿಂದ ಒಂದು ಸದ್ದು ಬಂತು. ಮೊದಲು ಧೂಳು ಕೆಮ್ಮಿದ ಹಾಗೆ, ಆಮೇಲೆ ಬರೀ ಗಾಳಿ, ಆಮೇಲೆ ಸಣ್ಣಗೆ, ನಡುಗುತ್ತ, ಷಡ್ಜ. ಅದರ ಬೆನ್ನಿಗೆ ಪಂಚಮ. ಶ್ರುತಿಪೆಟ್ಟಿಗೆ!

ಅಮ್ಮ ತಟ್ಟನೆ ನೆಟ್ಟಗೆ ಕೂತರು. ಗೋಡೆಗೊರಗಿ ನಿಂತಿದ್ದ ಅಪ್ಪ ಕನ್ನಡಕ ತೆಗೆದರು. ನಾಚಿಕೆಯ ಮಾತು, ನನಗೆ ಆ ಕ್ಷಣಕ್ಕೆ ಬಂದ ಯೋಚನೆ ಒಂದೇ: ರೆಕಾರ್ಡಿಂಗ್ ಹಾಳಾಯಿತು. ಓಡಿಹೋಗಿ ನಿಲ್ಲಿಸಬೇಕೆಂದು ಎದ್ದೆ. ಮಿಸ್ಟರ್ ಲಯನೆಲ್ ಬಲಗೈ ಎತ್ತಿ ನನ್ನನ್ನು ತಡೆದರು. ಪಿಯಾನೋದ ಮೇಲೆ ಬಗ್ಗಿ ಕೇಳುವಾಗ ಮಾಡುವ ಹಾಗೆ ತಲೆ ಓರೆ ಮಾಡಿ, ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಒಂದು ತಂತಿಯನ್ನು ಸಡಿಲಿಸಿದರು. ಸ್ವರ ನಿಧಾನವಾಗಿ ಇಳಿದು ಅತ್ತೆಯ ಪಂಚಮದ ಮೇಲೆ ಕೂತಿತು. ಇನ್ನೊಂದು ತಂತಿ. ಮತ್ತೊಂದು. ಮೂರು ತಂತಿ ಇಳಿದ ಮೇಲೆ, ಏನನ್ನೂ ಒತ್ತದೆ, ಆರೂ ತಂತಿಗಳ ಮೇಲೆ ಹೆಬ್ಬೆರಳು ಎಳೆದರು. ಇಡೀ ಹಾಲ್ ಒಂದೇ ಸ್ವರವಾಯಿತು.

"ಆಹಾ," ಎಂದರು ರಾಜಮ್ಮ. ಅಪ್ಪಣೆ ಕೇಳದೆ ಬಂದ ಆಹಾ. ಹನ್ನೊಂದು ಜನಕ್ಕೂ ಕಾಲಿಡಲು ನೆಲ ಸಿಕ್ಕಿತು. ಶ್ರುತಿ ಇದ್ದಮೇಲೆ ಅದು ಸಂಗೀತ, ಸಂಗೀತವಾದಮೇಲೆ ಕೇಳುವುದು ಅವರಿಗೆ ಗೊತ್ತು. ಮಿಸ್ಟರ್ ಲಯನೆಲ್ ಶುರು ಮಾಡಿದರು. ರೈಲೊಂದು ಹೊರಟುಹೋಗಿ, ಅದರ ಹೊಗೆ ಮಾತ್ರ ಅಂಗಿಗೆ ಅಂಟಿಕೊಂಡವನ ಹಾಡು. ನಾಲ್ಕನೆಯ ಸಾಲಿಗೆ ತೊಡೆಯ ಮೇಲೆ ತಾಳ ಬೀಳತೊಡಗಿತು. ಅವರ ಪೆಟ್ಟು ಬೀಳುವ ಕಡೆ ಬಿಟ್ಟು ಬೇರೆ ಕಡೆ ಇವರ ತಟ್ಟು. ಅವರು ನಕ್ಕು, ಎರಡಕ್ಕೂ ಹೊಂದುವ ಹಾಗೆ ನುಡಿಸಿದರು. ಬಳೆಗಳ ಸದ್ದು ಟೇಪಿನಲ್ಲಿ ಮಂಜೀರದ ಹಾಗೆ ಕೇಳುತ್ತದೆ.

ಆ ಹಾಡಿನಲ್ಲಿ ಅವರು ಒಂದು ಸಾಲನ್ನು ಎರಡು ಸಲ ಹಾಡಿ, ಗಿಟಾರ್ ಮಾತಾಡುವ ಜಾಗದಲ್ಲಿ ಬೇಕೆಂದೇ ಸುಮ್ಮನಾದರು. ಖಾಲಿ ಬಿಟ್ಟರು. ಆ ಖಾಲಿಯಲ್ಲಿ ಒಳಗಿನ ಕೋಣೆಯಿಂದ ಒಂದು ದನಿ ಎದ್ದಿತು. ಮಾತಿಲ್ಲ, ಬರೀ ಅಕಾರ. ಒಣಗಿದ ಗಂಟಲು, ಆದರೆ ದಾರಿ ಮರೆತಿರಲಿಲ್ಲ. ಆ ಮನೆಗೂ ಈ ಮನೆಗೂ ಸೇರದ ಗಾಂಧಾರದ ಹತ್ತಿರ ಹೋಗಿ, ಅದನ್ನು ಮೆಲ್ಲಗೆ ಸವರಿ, ಷಡ್ಜಕ್ಕೆ ಬಂದು ನಿಂತಿತು. ನನಗೆ ಇಪ್ಪತ್ತು ವರ್ಷ. ಅತ್ತೆ ಹಾಡುವ ದನಿಯನ್ನು ಆವತ್ತು ಮೊದಲ ಸಲ ಕೇಳಿದೆ.

"ಯೆಸ್ ಮ್ಯಾಡಂ," ಎಂದರು ಮಿಸ್ಟರ್ ಲಯನೆಲ್, ಗೋಡೆಯ ಕಡೆ ತಿರುಗಿ. ಮೂರನೆಯ ಸಾಲು ಹಾಡಿದರು.

ಅಲ್ಲಿಂದ ಮುಂದೆ ಸ್ಪೂಲು ಮುಗಿಯುವವರೆಗೆ ಅವರು ಆ ಕಡೆಗೇ ತಿರುಗಿ ನುಡಿಸಿದರು. ಐದು ಹಾಡು. ಬಾಗಿದ ಎರಡು ಬೆರಳೂ ಆ ಮುಕ್ಕಾಲು ಗಂಟೆ ಏನೂ ತಕರಾರು ಮಾಡಲಿಲ್ಲ. ಕೊನೆಯ ಹಾಡಿನ ಕೊನೆಯಲ್ಲಿ ಬೀದಿ ದೀಪ ಹತ್ತಿತು, ವೋಲ್ಟೇಜ್ ಬಿತ್ತು, ಅಪ್ಪ "ಅಯ್ಯೋ ಅಯ್ಯೋ" ಎಂದರು. ಹಾಗಾಗಿ ಕೊನೆಯ ಅರ್ಧ ನಿಮಿಷ ಕೇಳುವಾಗ ಎಲ್ಲರೂ ಅಳಿಲುಗಳ ಹಾಗೆ ಕಿಚಕಿಚ ಎನ್ನುತ್ತಾರೆ. ಯಂತ್ರ ನಿಂತಮೇಲೆ ಅಮ್ಮ ವಿದ್ವಾಂಸರಿಗೆ ಕೊಡುವ ಹಾಗೆ ತಟ್ಟೆಯಲ್ಲಿ ಕಾಯಿ, ಎಲೆ ಅಡಿಕೆ, ಬಾಳೆಹಣ್ಣು ಇಟ್ಟು ಕೊಟ್ಟರು. ಮಿಸ್ಟರ್ ಲಯನೆಲ್ ಅದನ್ನು ಎರಡೂ ಕೈಯಲ್ಲಿ ಹಿಡಿದು ಏನು ಮಾಡಬೇಕೆಂದು ತಿಳಿಯದೆ ನನ್ನನ್ನು ನೋಡಿದರು. ರಾಜಮ್ಮನವರು ಹೊರಡುವಾಗ, "ಗಂಡಿನ ಕಡೆಯೋರು ಅಂದ್ಕೊಂಡೆ ಕಣೆ. ಹೋಗ್ಲಿ, ಇದೇ ಚೆನ್ನಾಗಿತ್ತು" ಎಂದರು. ಒಳಕೋಣೆಯ ಬಾಗಿಲಿನತ್ತ ನೋಡಿ, ದನಿ ಏರಿಸಿ, "ಪುಟ್ಟಮ್ಮ, ಇನ್ನು ಪೆಟ್ಟಿಗೆ ಅಟ್ಟಕ್ಕೆ ಹಾಕ್ಬೇಡಿ!" ಎಂದು ಕೂಗಿ ಹೋದರು.

ಎಲ್ಲರೂ ಹೋದಮೇಲೆ ನಾನು ಅಡಿಗೆಮನೆಗೆ ಹೋದೆ. ಅತ್ತೆ ಕೋಸಂಬರಿಯ ಪಾತ್ರೆ ತೊಳೆಯುತ್ತಿದ್ದರು.

"ಅತ್ತೆ, ನಿಮ್ಮನ್ನ ನಾನು ಕರೀಲೇ ಇಲ್ಲ."

"ಹೌದು, ಕರೀಲಿಲ್ಲ."

"ಕರೀಬೇಕಿತ್ತು."

"ಕರೆದಿದ್ರೆ ಬೇಡ ಅಂತಿದ್ದೆ ಮಗು. ಅಲ್ಲಿಗೆ ಮುಗೀತಿತ್ತು." ಪಾತ್ರೆ ಬೋರಲು ಹಾಕಿ, ಕೈ ಒರೆಸಿಕೊಂಡರು. "ನೀನು ಕರೀದೇ ಇದ್ದಿದ್ದಕ್ಕೆ ಸಿಟ್ಟು ಬಂತು. ಸಿಟ್ಟಲ್ಲಿ ಅಟ್ಟ ಹತ್ತಿದೆ. ಇಳಿದ್ಮೇಲೆ ಅಲ್ಲಿ ಆ ಮನುಷ್ಯ ಶ್ರುತಿ ಇಲ್ದೆ ಒದ್ದಾಡ್ತಿದ್ರು. ಏನ್ ಮಾಡ್ಲಿ?"

ಅಷ್ಟೇ. ಆಮೇಲೆ ಆ ವಿಷಯವನ್ನು ಒಂದು ದಿನಕ್ಕೂ ಎತ್ತಿ ಆಡಲಿಲ್ಲ. ಬೇರೆಯವರ ಕ್ಷಮೆಯನ್ನು ನಾನು ಕೇಳಿ ಪಡೆದಿದ್ದೇನೆ. ಅತ್ತೆಯದು ಮಾತ್ರ, ಕೇಳುವ ಮೊದಲೇ ಪಾತ್ರೆ ತೊಳೆಯುತ್ತ ಕೊಟ್ಟದ್ದು. ಅದರ ಮೇಲೆ ನನ್ನ ಇಡೀ ಆಯಸ್ಸು ನಿಂತಿದೆ ಎಂದರೆ ಎಕ್ಸಾಜರೇಷನ್ ಅಲ್ಲ.

ಬುಧವಾರ ಆಪರೇಷನ್ ಆಯಿತು. ಡಾಕ್ಟರು ಹೇಳಿದ್ದೇ ನಿಜವಾಯಿತು. ಬೆರಳು ಎರಡೂ ನೆಟ್ಟಗಾದವು, ಮಡಿಚಲಿಲ್ಲ. ಮಿಸ್ಟರ್ ಲಯನೆಲ್ ಮತ್ತೆ ಪಿಯಾನೋ ಶ್ರುತಿ ಮಾಡಿದರು, ಇನ್ನೂ ಎರಡು ವರ್ಷ ನಮ್ಮ ಪಕ್ಕದ ಮನೆಯಲ್ಲಿದ್ದು ಆಮೇಲೆ ಆಸ್ಟ್ರೇಲಿಯಾದ ತಂಗಿಯ ಹತ್ತಿರ ಹೋದರು. ಗಿಟಾರ್ ಮತ್ತೆ ಮುಟ್ಟಲಿಲ್ಲ. ಅದಕ್ಕಾಗಿ ಅವರು ಕೊರಗಿದ್ದನ್ನು ನಾನು ನೋಡಿಲ್ಲವೆಂದರೆ ಸುಳ್ಳಾಗುತ್ತದೆ. ಸಂಜೆ ಐದಕ್ಕೆ ಅದೇ ಜಗಲಿಯಲ್ಲಿ ಬರಿಗೈಯಲ್ಲಿ ಕೂತಿರುತ್ತಿದ್ದರು. ಆದರೆ ಆಗ ನಮ್ಮ ಕಿಟಕಿಯಿಂದ ಪೆಟ್ಟಿಗೆಯ ಸದ್ದು ಆಚೆ ಹೋಗುತ್ತಿತ್ತು. ರಾಜಮ್ಮನವರ ಮಗಳಿಗೂ ಇನ್ನಿಬ್ಬರು ಹುಡುಗಿಯರಿಗೂ ಅತ್ತೆ ಸರಳೆ ಹೇಳಿಕೊಡುತ್ತಿದ್ದರು. ಹುಡುಗಿಯರು ಅಪಸ್ವರ ಹಿಡಿದಾಗ ಜಗಲಿಯಿಂದ ಒಂದು ಕೆಮ್ಮು ಕೇಳುತ್ತಿತ್ತು. "ನೋಡ್ರೇ, ಸಾಹೇಬ್ರಿಗೂ ಗೊತ್ತಾಯ್ತು," ಎನ್ನುತ್ತಿದ್ದರು ಅತ್ತೆ.

ಇನ್ನು ಒಂದು ದಿನದ ವಿಷಯ ಹೇಳಿ ಮುಗಿಸುತ್ತೇನೆ. ಆಪರೇಷನ್ ಆದ ಅದೇ ವರ್ಷದ ಅವರೆಕಾಯಿಯ ಕಾಲ. ಬೆಳಗಿನ ಚಳಿ, ಮಧ್ಯಾಹ್ನದ ಎಳೆ ಬಿಸಿಲು, ಎದುರು ಸೈಟಿನ ರಾಗಿ ಕುಯ್ದು ಕೂಳೆ ಉಳಿದಿತ್ತು. ಮಿಸ್ಟರ್ ಲಯನೆಲ್ಲರ ಸ್ನೇಹಿತರೊಬ್ಬರು ಆ ಟೇಪನ್ನು ಗ್ರಾಮಫೋನ್ ಪ್ಲೇಟಿಗೆ ಇಳಿಸಿಕೊಡಲು ಒಪ್ಪಿದ್ದರು. ಎರಡೇ ಪ್ಲೇಟು, ಒಂದು ಅವರಿಗೆ, ಒಂದು ನಮಗೆ. ಕಳಿಸುವ ಮುಂಚೆ ಒಮ್ಮೆ ಎಲ್ಲರೂ ಕೂತು ಕೇಳೋಣವೆಂದು ಅಪ್ಪ ಮತ್ತೆ ಯಂತ್ರ ಕೇಳಿ ತಂದರು. ಒಂದೇ ವರ್ಷದಲ್ಲಿ ಎರಡು ಸಲ! ಹಾಲ್‌ನಲ್ಲಿ ಅಪ್ಪ, ಅಮ್ಮ, ನಾನು, ಕೈಗೆ ಪಟ್ಟಿ ಸುತ್ತಿಕೊಂಡ ಮಿಸ್ಟರ್ ಲಯನೆಲ್. ಅತ್ತೆ ಎಂದಿನಂತೆ ಹೊಸಿಲಿನಾಚೆ, ಅವರೆಕಾಯಿ ಸುಲಿಯುತ್ತ.

ಕೇಳಿ ಮುಗಿಯಿತು. ಮಿಸ್ಟರ್ ಲಯನೆಲ್ ಪ್ಲೇಟಿನ ಕವರಿಗೆಂದು ಕತ್ತರಿಸಿದ ಒಂದು ದಪ್ಪ ಕಾಗದ ತೆಗೆದರು. ಇಂಗ್ಲಿಷಿನಲ್ಲಿ ಮುತ್ತಿನಂಥ ಅಕ್ಷರ. ಮೇಲೆ ಜಯನಗರ ಎಂದು ಊರಿನ ಹೆಸರು. ಅದರ ಕೆಳಗೆ, ಹಾಡುಗಳನ್ನು ಕಲಿಸಿದವನು ಇಂಥವನು ಎಂದು ಆ ಸೈನಿಕನ ಹೆಸರು. ಗಿಟಾರ್ ಮತ್ತು ಹಾಡು ಎಂದು ತಮ್ಮ ಹೆಸರು. ಯಂತ್ರ ನೋಡಿಕೊಂಡವಳು ಎಂದು ನನ್ನ ಹೆಸರು ಕೂಡ! ಒಂದು ಸಾಲು ಖಾಲಿ ಬಿಟ್ಟಿದ್ದರು. ಶ್ರುತಿ ಮತ್ತು ಕಂಠ ಎಂದು ಬರೆದು, ಮುಂದೆ ಏನೂ ಇರಲಿಲ್ಲ.

"ನಿಮ್ ಅತ್ತೆ ಹೆಸ್ರು ಏನಮ್ಮಾ?"

ಪುಟ್ಟತ್ತೆ ಎಂದು ಬಾಯಿಗೆ ಬಂತು, ನುಂಗಿಕೊಂಡೆ. ರೇಷನ್ ಕಾರ್ಡಿನಲ್ಲಿ ನೋಡಿದ್ದು ನೆನಪಿಸಿಕೊಂಡು, "ವೆಂಕಟಲಕ್ಷ್ಮಮ್ಮ" ಎಂದೆ.

"ಅದಲ್ಲ," ಎಂದರು ಅತ್ತೆ, ಹೊಸಿಲಿನಾಚೆಯಿಂದ.

ಎಲ್ಲರೂ ತಿರುಗಿದೆವು. ಅತ್ತೆ ಮಡಿಲಿನ ಅವರೆ ಸಿಪ್ಪೆ ಕೊಡವಿಕೊಂಡು ಎದ್ದು ನಿಂತಿದ್ದರು. "ಅದು ಮದುವೇಲಿ ಅವ್ರ ಮನೆಯೋರು ಇಟ್ಟಿದ್ದು. ಅವ್ರ ಮನೇಲಿ ನಾನು ಹಾಡ್ಲಿಲ್ಲ. ಹಾಡು ಕಲಿಯುವಾಗ ನನ್ನ ಹೆಸ್ರು ತುಂಗಾ."

ಅಪ್ಪ ಕಿಟಕಿಯ ಹೊರಗೆ ನೋಡುತ್ತ, "ಹೌದು. ತುಂಗಾ. ನಮ್ಮಮ್ಮ ಇಟ್ಟಿದ್ದು" ಎಂದರು.

ಮಿಸ್ಟರ್ ಲಯನೆಲ್ ಪೆನ್ಸಿಲ್ ಎತ್ತಿಕೊಂಡರು. ಅತ್ತೆ ಹೊಸಿಲು ದಾಟಿ ಒಳಗೆ ಬಂದು, "ಅವ್ರಿಗೆ ಕನ್ನಡ ಬರೆಯೋಕೆ ಬರತ್ತಾ ಸರೂ?" ಎಂದು ಕೇಳಿದರು. ಇಲ್ಲ ಎಂದೆ. "ಹಾಗಾದ್ರೆ ಇಲ್ಲಿ ಕೊಡಿ," ಎಂದು ಕೈ ನೀಡಿದರು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವರು. ಟೀಪಾಯಿಯ ಮೇಲೆ ಕಾಗದವಿಟ್ಟುಕೊಂಡು, ತುಟಿ ಕಚ್ಚಿ, ಆ ಎರಡು ಅಕ್ಷರಗಳನ್ನು ತಿದ್ದಿ ತಿದ್ದಿ ಬರೆದರು. ಬರೆದಮೇಲೆ ಕಾಗದವನ್ನು ದೂರ ಹಿಡಿದು ನೋಡಿದರು. ಸೊನ್ನೆ ಚಿಕ್ಕದಾಯಿತು ಅನ್ನಿಸಿತೇನೋ, ಮತ್ತೊಮ್ಮೆ ಅದರ ಮೇಲೆ ಪೆನ್ಸಿಲ್ ಆಡಿಸಿ ದೊಡ್ಡದು ಮಾಡಿದರು.

ಆಮೇಲೆ ಅಡಿಗೆಮನೆಗೆ ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಮಿಸ್ಟರ್ ಲಯನೆಲ್ಲರ ಪಕ್ಕ ಖಾಲಿಯಿದ್ದ ಬೆತ್ತದ ಕುರ್ಚಿಯನ್ನು ಯಂತ್ರದ ಎದುರಿಗೆ ಎಳೆದುಕೊಂಡು ಕೂತರು. ಸೆರಗು ಹೊದ್ದು, ಎರಡೂ ಕೈ ಮಡಿಲಲ್ಲಿಟ್ಟುಕೊಂಡರು.

"ಮೊದಲಿಂದ ಹಾಕು ಸರೂ," ಎಂದರು ತುಂಗಾ ಅತ್ತೆ. "ಒಳಗಡೆಯಿಂದ ನಂಗೆ ಸರಿಯಾಗಿ ಕೇಳ್ಸಿರ್ಲಿಲ್ಲ."